ಲಕ್ಕುಂಡಿಗೆ ಹೋಗೋರು ಬಾವಿಯಿಂದ ಶುರು ಮಾಡ್ರಿ

ಹೋದ ಸಂಚಿಕೆಯಲ್ಲಿ ಗದಗ ಪ್ರವಾಸದ ಬಗ್ಗೆ ಕೇಳಿದ್ದ ಒಬ್ಬರಿಗೆ ಉತ್ತರ ಕೊಡ್ತಾ ಕೊನೆಗೆ "ಲಕ್ಕುಂಡಿ ಮಾತ್ರ ತಪ್ಪಿಸಬೇಡ್ರಿ" ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲು ಹಿಡಕೊಂಡು ಇಷ್ಟು ಜನ ಪತ್ರ ಬರೀತಾರೆ ಅಂದ್ಕೊಂಡಿರಲಿಲ್ಲ. ತುಂಬಾ ಖುಷಿಯಾಯ್ತು. ಈ ಸಲದ ಅಂಕಣ ಪೂರ್ತಿ ಆ ಊರಿಗೇ ಇರಲಿ.

ಪ್ರಶ್ನೆ: ನಾವು ಬೆಳಗಾವಿಯಿಂದ ಹಂಪಿಗೆ ಹೋಗೋವಾಗ ಲಕ್ಕುಂಡಿಯಲ್ಲಿ ಅರ್ಧ ಗಂಟೆ ಕಾರ್ ನಿಲ್ಲಿಸಿ ಎರಡು ಗುಡಿ ನೋಡಿದ್ವಿ. ಬೇಲೂರು ಹಳೇಬೀಡು ನೋಡಿದ ಕಣ್ಣಿಗೆ ಅಂಥಾ ವಿಶೇಷ ಏನೂ ಕಾಣಲಿಲ್ಲ ಸರ್. ನಾವು ಏನಾದ್ರೂ ಮಿಸ್ ಮಾಡಿದ್ವಾ? (ಬೆಳಗಾವಿಯ ಓದುಗರು)

ಮಿಸ್ ಮಾಡಿದ್ರಿ. ಬಾವಿ ನೋಡಲಿಲ್ಲ ನೀವು.

"ನೂರೊಂದು ಗುಡಿ, ನೂರೊಂದು ಬಾವಿ" ಅಂತ ಆ ಊರಿನ ಬಗ್ಗೆ ನಮ್ಮ ಕಡೆ ಮಾತೇ ಇದೆ. ಎಣಿಸಿ ನೋಡಿದ್ರೆ ಅಷ್ಟು ಸಿಗ್ತಾವೋ ಬಿಡ್ತಾವೋ, ಆದ್ರೆ ಗುಡಿ ಜೊತೆ ಬಾವಿನೂ ಸೇರಿಸಿ ಹೇಳ್ತಾರಲ್ಲ, ಅದನ್ನ ಗಮನಿಸ್ರಿ. ಕಾರ್‌ನಲ್ಲಿ ಬಂದವರು ದೊಡ್ಡ ಗುಡಿ ಮುಂದೆ ಇಳಿದು, ಫೋಟೋ ತಗೊಂಡು, ವಾಪಸ್ ಹತ್ತಿಬಿಡ್ತಾರೆ. ನನ್ನ ಕೇಳಿದ್ರೆ ಮೊದಲು ಮಾಣಿಕೇಶ್ವರ ಗುಡಿಗೆ ಹೋಗ್ರಿ, ಅದಕ್ಕೆ ಹತ್ತಿಕೊಂಡೇ ಮುಸುಕಿನ ಬಾವಿ ಇದೆ.

ಬಾವಿ ಅಂದ್ರೆ ರಾಟೆ, ಹಗ್ಗ, ಕೊಡ ನೆನಪಾಗುತ್ತಲ್ಲ, ಇದು ಹಂಗಲ್ಲ. ಮೆಟ್ಟಿಲು ಇಳೀತಾ ಇಳೀತಾ ನೀವೇ ನೀರಿನ ಹತ್ತಿರ ಹೋಗೋದು. ಇಳಿಯೋವಾಗ ಅಕ್ಕಪಕ್ಕದ ಗೋಡೆ ನೋಡ್ರಿ, ಅದರೊಳಗೆ ಸಣ್ಣ ಸಣ್ಣ ಗೂಡು, ಒಂದೊಂದು ಗೂಡೂ ಒಂದೊಂದು ಪುಟ್ಟ ಗುಡಿ ಇದ್ದಂಗೆ, ಅದಕ್ಕೂ ಮೇಲೊಂದು ಶಿಖರದ ಕೆತ್ತನೆ. ನಾನು ಒಂದು ಸಲ ಬೆಳಿಗ್ಗೆ ಬೇಗ ಹೋಗಿ ನಡುವಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದೆ. ಬಿಸಿಲು ಮೇಲಿನ ಮೆಟ್ಟಿಲಿಗಷ್ಟೇ ಬಂದಿತ್ತು, ಕೆಳಗೆ ಇನ್ನೂ ತಂಪು, ಕೂತ ಕಲ್ಲು ಮುಟ್ಟಿದ್ರೆ ಅಂಚು ಸವೆದು ದುಂಡಗಾಗಿತ್ತು. ಎಷ್ಟು ತಲೆಮಾರಿನ ಕಾಲು ತಾಗಿ ಆ ಅಂಚು ಹಂಗಾಗಿರಬೇಕು, ಕೊಡ ಹೊತ್ತು ಹತ್ತಿದವರು, ದನಕ್ಕೆ ನೀರು ಒಯ್ದವರು ಅಂತ ಯೋಚನೆ ಮಾಡ್ತಾ ಅಲ್ಲೇ ಒಂದು ತಾಸು ಕಳೆದಿದ್ದೆ.

ಈಗ ಎಲ್ಲಾ ಕಡೆ "ಪಬ್ಲಿಕ್ ಆರ್ಟ್" ಅಂತ ಮಾತಾಡ್ತಾರೆ, ದೊಡ್ಡ ಸಿಟಿಯ ಫ್ಲೈಓವರ್ ಕಂಬಕ್ಕೆ ಪೇಂಟಿಂಗ್, ಸರ್ಕಲ್‌ಗೊಂದು ಮೂರ್ತಿ. ಅದೂ ಬೇಕು, ನನಗೇನೂ ಬೇಜಾರಿಲ್ಲ. ಆದ್ರೆ ದಿನಾ ನೀರು ತರೋ ಜಾಗಕ್ಕೆ ಇಷ್ಟು ಕೈಕೆಲಸ ಮಾಡಿಟ್ಟಿದ್ದಾರಲ್ಲ, ಸಾರ್ವಜನಿಕ ಕಲೆ ಅಂದ್ರೆ ನನ್ನ ಮಟ್ಟಿಗೆ ಅದು. ಕನ್ನೆಬಾವಿಗೂ ಹೋಗಿ ಬರ್ರಿ, ಊರವರನ್ನ ಕೇಳಿದ್ರೆ ದಾರಿ ತೋರಿಸ್ತಾರೆ.

ಇನ್ನು ಹಳೇಬೀಡಿನ ಮಾತು. ಅಲ್ಲಿನ ಹೊಯ್ಸಳೇಶ್ವರ ಗುಡಿ ಕಟ್ಟೋಕೆ ಶುರು ಮಾಡಿದ್ದು 1121ರ ಸುಮಾರಿಗೆ, ಲಕ್ಕುಂಡಿಯ ಬ್ರಹ್ಮ ಜಿನಾಲಯ 1007ರದ್ದು. ಹಳೇಬೀಡಿನ ಗುಡಿಗಿಂತ ನೂರು ವರ್ಷಕ್ಕೂ ಹೆಚ್ಚು ಹಳೇದು. ಬಾದಾಮಿ ಪಟ್ಟದಕಲ್ಲಿನ ಕೆಂಪು ಮರಳುಗಲ್ಲು ಬಿಟ್ಟು ಬಳಪದ ಕಲ್ಲಿಗೆ ಶಿಲ್ಪಿಗಳ ಕೈ ಹೊರಳಿದ್ದು ಈ ಸೀಮೆಯಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ. ಆ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ಟಂಗೆಲ್ಲ ಗಟ್ಟಿಯಾಗುತ್ತೆ. ಅದಕ್ಕೇ ಅಷ್ಟು ಸಣ್ಣ ಕೆಲಸ ಮಾಡೋಕಾಯ್ತು. ಬೇಲೂರಲ್ಲಿ ನೀವು ಮೆಚ್ಚಿದ ಆ ನಯಗಾರಿಕೆ ಇಲ್ಲಿ ಪಳಗಿದ ಮೇಲೇ ಅಲ್ಲಿಗೆ ಹೋಗಿದ್ದು.

ಮುಂದಿನ ಸಲ ಕಾಶಿ ವಿಶ್ವೇಶ್ವರ ಗುಡಿಗೆ ಹೋದ್ರೆ ಬಾಗಿಲುವಾಡದ ಹತ್ತಿರ ಮುಖ ಒಯ್ದು ನೋಡ್ರಿ. ಒಂದರ ಪಕ್ಕ ಒಂದು ಪಟ್ಟಿ, ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಬೆರಳಷ್ಟು ಗೊಂಬೆ, ಎಷ್ಟು ಆಳಕ್ಕೆ ಕೊರೆದಿದ್ದಾರೆ ಅಂದ್ರೆ ಬಳ್ಳಿ ಹಿಂದೆ ನೆರಳು ಬೀಳುತ್ತೆ. ಇನ್ನೊಂದು, ಅಲ್ಲಿ ಒಂದೇ ಜಗತಿ (ಗುಡಿ ನಿಲ್ಲೋ ಎತ್ತರದ ಕಟ್ಟೆ) ಮೇಲೆ ಎರಡು ಗುಡಿ ಎದುರುಬದುರು ನಿಂತಿವೆ, ಶಿವ ಪೂರ್ವಕ್ಕೆ ಮುಖ ಮಾಡಿದ್ರೆ ಸೂರ್ಯನ ಗುಡಿ ಪಶ್ಚಿಮಕ್ಕೆ. ನಡುವಿನ ಖಾಲಿ ಜಾಗದಲ್ಲಿ ನಿಂತು ಎರಡೂ ಕಡೆ ನೋಡ್ರಿ. ಅಲ್ಲಿಂದ ಕೂಗಳತೆಯಲ್ಲೇ ನನ್ನೇಶ್ವರ ಗುಡಿ, ಸಣ್ಣದು ಅಂತ ಬಿಟ್ಟು ಹೋಗಬೇಡ್ರಿ.

ಪ್ರಶ್ನೆ: ಬಳಪದ ಕಲ್ಲು ಅಂದ್ರೆ ಸ್ಲೇಟಲ್ಲಿ ಬರೀತೀವಲ್ಲ ಅದೇನಾ? ಗುಡಿ ಕಂಬಗಳು ಮಷಿನ್‌ನಲ್ಲಿ ಮಾಡಿದಂಗೆ ಅಷ್ಟು ದುಂಡಗೆ ಹೆಂಗಿವೆ? (8ನೇ ಕ್ಲಾಸ್ ಹುಡುಗಿ, ಹಾವೇರಿ)

ಎಷ್ಟು ಒಳ್ಳೆ ಪ್ರಶ್ನೆ ಕೇಳಿದೀಯಮ್ಮಾ. ಹೌದು, ಅದೇ ಜಾತಿಯ ಮೆತ್ತನೆ ಕಲ್ಲು. ಕಂಬದ ವಿಷಯಕ್ಕೆ ಬಂದ್ರೆ, ಬಡಿಗ್ಯಾರು ತೊಟ್ಟಿಲ ಕಾಲು, ಲಟ್ಟಣಿಗೆ ಎಲ್ಲಾ ಹೆಂಗೆ ತಿರುಗಿಸ್ತಾ ಉಳಿ ಹಿಡಿದು ಕಡೀತಾರೆ ನೋಡಿದೀಯಲ್ಲ, ಇದೂ ಹಂಗೇ. ಕಲ್ಲಿನ ಕಂಬಾನ ತಿರುಗಿಸ್ತಾ ಉಳಿ ಒತ್ತಿ ಹಿಡಿದು ಕಡೆದದ್ದು, ಅದಕ್ಕೇ ಸುತ್ತಲೂ ಬಳೆ ಹಾಕಿದಂಗೆ ಗೆರೆ ಕಾಣುತ್ತೆ. ಒಂದು ಹಾಲುಬಣ್ಣದ ಹಾಳೆ ತಗೊಂಡು ಕಂಬದ ಪಕ್ಕ ಹಿಡಿದು ಆ ಏರು ತಗ್ಗಿನ ಔಟ್‌ಲೈನ್ ಬಿಡಿಸಿ ನೋಡು, ಎಡಗಡೆದೂ ಬಲಗಡೆದೂ ಒಂದೇ ಬರುತ್ತೆ. ಕಂಬದ ಮೇಲೆ ಮಾತ್ರ ಬರೀಬೇಡ ಪುಟ್ಟಿ.

ಪ್ರಶ್ನೆ: ಅಲ್ಲಿನ ಬಸದಿ ನಿಜವಾಗ್ಲೂ ಒಬ್ಬ ಹೆಂಗಸು ಕಟ್ಟಿಸಿದ್ದಾ? ಗೈಡ್ ಇಲ್ದೆ ಹೋದ್ರೆ ಅದು ಗೊತ್ತಾಗೋ ಹಾಗಿದೆಯಾ? (ಕಾಲೇಜ್ ವಿದ್ಯಾರ್ಥಿನಿ, ಮೈಸೂರು)

ನಿಜವಾಗ್ಲೂ. ಬ್ರಹ್ಮ ಜಿನಾಲಯ ಕಟ್ಟಿಸಿದ್ದು ಅತ್ತಿಮಬ್ಬೆ. ಗಂಡ ನಾಗದೇವ ಚಾಲುಕ್ಯರ ದಂಡನಾಯಕ, ಯುದ್ಧದಲ್ಲಿ ತೀರಿಕೊಂಡ್ರು, ಚಿಕ್ಕ ವಯಸ್ಸು, ಮಗ ಅಣ್ಣಿಗದೇವನ್ನ ಸಾಕ್ಕೊಂಡು ಉಳಿದ ಬದುಕನ್ನ ದಾನಕ್ಕೆ, ಧರ್ಮಕ್ಕೆ, ಪುಸ್ತಕಕ್ಕೆ ಅಂತ ಇಟ್ಟ ಹೆಂಗಸು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ್ರು. ಪ್ರಿಂಟಿಂಗ್ ಪ್ರೆಸ್ ಇಲ್ಲದ ಕಾಲ, ಒಂದೊಂದು ಪ್ರತಿಯನ್ನೂ ಯಾರೋ ಕೂತು ತಾಳೆಗರಿ ಮೇಲೆ ಕಂಟದಿಂದ ಗೀರಿ ಗೀರಿ ಬರೀಬೇಕು, ಅಂಥಾದ್ದು ಸಾವಿರ! ರನ್ನನಿಗೆ ಆಶ್ರಯ ಕೊಟ್ಟು ಅಜಿತಪುರಾಣ ಬರೆಸಿದ್ದೂ ಅವರೇ, 993ರಲ್ಲಿ. "ದಾನಚಿಂತಾಮಣಿ" ಅನ್ನೋ ಬಿರುದು ಸುಮ್ಮನೆ ಬಂದಿದ್ದಲ್ಲ. ಸಾಧನೆ ಮಾಡಿದ ಮಹಿಳೆಯರಿಗೆ ನಮ್ಮ ಸರ್ಕಾರ ಕೊಡೋ ಪ್ರಶಸ್ತಿಗೂ ಅದೇ ಹೆಸರು.

ಬಸದಿ ಒಳಗೆ ಹೋದಾಗ ಮಂಟಪದಲ್ಲಿ ನಾಲ್ಕು ಮುಖದ ಬ್ರಹ್ಮ, ಪದ್ಮಾವತಿ ಎರಡೂ ಮೂರ್ತಿ ನೋಡದೆ ಬರಬೇಡಿ, ಹೊರಗಿನ ಬಿಸಿಲಿಂದ ಒಳಗೆ ಬಂದ ಕಣ್ಣಿಗೆ ಮೊದಲು ಏನೂ ಕಾಣಲ್ಲ, ಎರಡು ನಿಮಿಷ ನಿಂತ್ರೆ ನಿಧಾನಕ್ಕೆ ಕಪ್ಪು ಕಲ್ಲಿನ ಹೊಳಪು ಕಾಣೋಕೆ ಶುರುವಾಗುತ್ತೆ. ಹತ್ತಿರದಲ್ಲೇ ಪುರಾತತ್ವ ಇಲಾಖೆಯ ಶಿಲ್ಪಗಳ ಮ್ಯೂಸಿಯಂ ಇದೆ. ನಿಮಗೆ ಹಳಗನ್ನಡ ಪಾಠ ಇದ್ರೆ ಹೋಗೋ ಮುಂಚೆ ಒಂದೆರಡು ಪದ್ಯ ಓದ್ಕೊಂಡು ಹೋಗಿ, ಗೈಡ್ ಬೇಕಾಗಲ್ಲ.

ಪ್ರಶ್ನೆ: ನಮ್ಮದು ಸಣ್ಣ ಊರು. ಯುವಕ ಸಂಘದಿಂದ ಬಸ್ ಸ್ಟ್ಯಾಂಡ್ ಮುಂದೆ ಒಂದು ಕಲಾಕೃತಿ ಮಾಡಿಸಬೇಕು ಅಂತ ದುಡ್ಡು ಕೂಡಿಸಿದೀವಿ. ಕೆಲವರು ಊರ ಹೆಸರಿನ ಲೈಟ್ ಬೋರ್ಡ್, ಸೆಲ್ಫಿ ಪಾಯಿಂಟ್ ಅಂತಾರೆ, ಕೆಲವರು ಮೂರ್ತಿ ಅಂತಾರೆ. ಏನ್ ಮಾಡೋಣ? (ಕೊಪ್ಪಳ ಜಿಲ್ಲೆಯ ಓದುಗರು)

ಮೊದಲು ನಿಮ್ಮೆಲ್ಲರಿಗೂ ಕೈ ಮುಗೀತೀನಿ, ದುಡ್ಡು ಕೂಡಿಸಿ ಊರಿಗೆ ಏನಾದ್ರೂ ಮಾಡೋಣ ಅನ್ನೋರು ಎಲ್ಲಿದ್ದಾರೆ.

ಒಂದು ದಿನ ಎಲ್ಲರೂ ಸೇರಿ ಹಾವೇರಿ ಜಿಲ್ಲೆಯ ಗೊಟಗೋಡಿಗೆ ಹೋಗಿ ಬರ್ರಿ. ಹುಬ್ಬಳ್ಳಿ–ಹಾವೇರಿ ಹೈವೇ ಪಕ್ಕ, ಶಿಗ್ಗಾವಿ ತಾಲೂಕು. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಅಲ್ಲಿದೆ. ಸಿಮೆಂಟಿನ ಮೂರ್ತಿಗಳು, ಆದ್ರೆ ರಾಜ ಮಹಾರಾಜರಲ್ಲ, ನಮ್ಮ ನಿಮ್ಮಂಥ ಹಳ್ಳಿ ಜನ. ಹೊಲದ ಕೆಲಸ, ಮನೆ ಕೆಲಸ, ಎತ್ತು, ಎಮ್ಮೆ. ಅಲ್ಲಿ ನಾನು ಕಂಡಿದ್ದು, ಒಬ್ಬ ಅಜ್ಜಿ ಒಂದು ಮೂರ್ತಿ ಮುಂದೆ ನಿಂತು ಮೊಮ್ಮಗನಿಗೆ ಆ ಕೆಲಸ ಹೆಂಗೆ ಮಾಡ್ತಿದ್ವಿ ಅಂತ ಕೈಮಾಡಿ ತೋರಿಸ್ತಿದ್ರು. ನಿಮ್ಮೂರಲ್ಲೂ ಯಾವುದಾದ್ರೂ ಕಸುಬು ಇದ್ದೇ ಇರುತ್ತೆ, ಅದನ್ನ ಮಾಡಿಸ್ರಿ. ನಿಮ್ಮ ಜಿಲ್ಲೆಯಲ್ಲೇ ಕಿನ್ನಾಳ ಇದೆ, ಕಟ್ಟಿಗೆ ಗೊಂಬೆ ಮಾಡೋ ಚಿತ್ರಗಾರ ಮನೆತನಗಳು ಇವತ್ತಿಗೂ ಕೆಲಸ ಮಾಡ್ತಿವೆ, ದೂರದ ಕಂಟ್ರಾಕ್ಟರ್‌ಗೆ ಆರ್ಡರ್ ಕೊಡೋ ಬದಲು ಅವರ ಹತ್ತಿರ ಹೋಗಿ ಕೂತು ಮಾತಾಡ್ರಿ.

ಇನ್ನೊಂದು ಮಾತು, ಇದನ್ನ ಹೇಳದೆ ಇರೋಕಾಗ್ತಿಲ್ಲ. ನಿಮ್ಮೂರಲ್ಲಿ ಹಳೇ ಮೆಟ್ಟಿಲ ಬಾವಿ ಏನಾದ್ರೂ ಇದೆಯಾ? ನಮ್ಮ ತಾಯಿ ತವರೂರಲ್ಲಿ ಒಂದಿತ್ತು. ಇಳಿಯೋ ಬಾಯಲ್ಲಿ ಎರಡು ಕಡೆ ಆನೆ ಕೆತ್ತಿದ್ರು, ನಾವು ಸಣ್ಣವರಿದ್ದಾಗ ಅದರ ಸೊಂಡಿಲು ಹಿಡಕೊಂಡೇ ಇಳೀತಿದ್ವಿ. ನಲ್ಲಿ ಬಂತು, ಬಾವಿಗೆ ಜನ ಹೋಗೋದು ನಿಂತಿತು, ಕಸ ಹಾಕೋಕೆ ಶುರು ಮಾಡಿದ್ರು, ಒಂದು ವರ್ಷ ಹೋಗಿ ನೋಡಿದ್ರೆ ಮಣ್ಣು ತುಂಬಿ ಮೇಲೆ ಅಂಗಡಿ ಕಟ್ಟಿದ್ರು. ಆನೆ ಎಲ್ಲಿ ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಅಮ್ಮ ಆ ದಿನ ಊಟ ಮಾಡಲಿಲ್ಲ. ನಿಮ್ಮೂರಲ್ಲಿ ಅಂಥಾದ್ದು ಇದ್ರೆ ಆ ದುಡ್ಡಲ್ಲಿ ಅರ್ಧ ಅದರ ಹೂಳು ತೆಗೆಸೋಕೆ ಇಡ್ರಿ, ಪಂಚಾಯ್ತಿಗೆ ಅರ್ಜಿ ಕೊಟ್ಟು, ಕೆತ್ತನೆ ಇದ್ರೆ ಪುರಾತತ್ವದವರಿಗೆ ತಿಳಿಸಿ, ಅವರು ನೋಡಿದ ಮೇಲೇ ಕೈ ಹಚ್ಚ್ರಿ. ಕೆತ್ತನೆ ಮೇಲೆ ಆಯಿಲ್ ಪೇಂಟ್ ಅಥವಾ ಸುಣ್ಣ ಮಾತ್ರ ದಯವಿಟ್ಟು ಬಳೀಬೇಡ್ರಿ, ಕೆತ್ತನೆಯ ಸಣ್ಣ ಗೆರೆಯೆಲ್ಲ ಅದರೊಳಗೆ ಮುಚ್ಚಿಹೋಗುತ್ತೆ.

ಪ್ರಶ್ನೆ: ನಾವು ಪುಣೆಯಲ್ಲಿರೋದು. ಅಪ್ಪನಿಗೆ 74, ಮೊಣಕಾಲು ನೋವು. ಕಾರ್ ಇಲ್ಲ. ಲಕ್ಕುಂಡಿ ಮಾಡಬಹುದಾ? ಊಟ? (ಪುಣೆಯ ಓದುಗರು)

ಆರಾಮ್ ಮಾಡಬಹುದು. ಗದಗಿಗೆ ಟ್ರೇನ್‌ನಲ್ಲಿ ಬಂದು ಅಲ್ಲೇ ರೂಮ್ ಮಾಡ್ರಿ. ಲಕ್ಕುಂಡಿ ಅಲ್ಲಿಂದ ಸುಮಾರು 12 ಕಿ.ಮೀ., ಕೊಪ್ಪಳ ಕಡೆ ಹೋಗೋ ರೋಡಲ್ಲೇ ಇದೆ, ಬಸ್ ಸಿಗುತ್ತೆ, ಅಪ್ಪನವರ ಸಲುವಾಗಿ ಆಟೋ ಮಾತಾಡಿಕೊಂಡ್ರೆ ಇನ್ನೂ ಸಲೀಸು. ಗುಡಿಗಳಿಗೆ ಮೆಟ್ಟಿಲು ಕಡಿಮೆ. ಬಾವಿಗೆ ಮಾತ್ರ ಅಪ್ಪನವರನ್ನ ಇಳಿಸಬೇಡ್ರಿ, ಮೆಟ್ಟಿಲು ಕಡಿದು, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತೆ. ಮೇಲೆ ಮಾಣಿಕೇಶ್ವರ ಗುಡಿಯ ನೆರಳಲ್ಲಿ ಕೂಡಿಸ್ರಿ, ಅಲ್ಲಿಂದಲೇ ಚೆನ್ನಾಗಿ ಕಾಣುತ್ತೆ.

ಸಂಜೆ ಗದಗಿಗೆ ವಾಪಸ್ ಬಂದು ವೀರನಾರಾಯಣ ಗುಡಿಗೆ ಹೋಗ್ರಿ, ಕುಮಾರವ್ಯಾಸ ಭಾರತ ಬರೆದದ್ದು ಇಲ್ಲೇ ಕೂತು ಅಂತ ಒಂದು ಕಂಬ ತೋರಿಸ್ತಾರೆ. ಮಾರನೇ ದಿನ ತ್ರಿಕೂಟೇಶ್ವರ, ಆಮೇಲೆ ಪುರುಸೊತ್ತು ಇದ್ರೆ ಡಂಬಳದ ದೊಡ್ಡಬಸಪ್ಪನ ಗುಡಿ, ನಕ್ಷತ್ರದಾಕಾರದ್ದು, ಸುತ್ತಲೂ ಮೂಲೆ ಮೂಲೆ. ಊಟಕ್ಕೆ ಯಾವುದಾದ್ರೂ ಖಾನಾವಳಿಗೆ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ ಕೇಳ್ರಿ, ಸಂಜೆಗೆ ಗಿರ್ಮಿಟ್ ಮಿರ್ಚಿ. ಅಪ್ಪನವರಿಗೆ ಹಲ್ಲಿನ ತ್ರಾಸ ಇದ್ರೆ ಕಟಕ ರೊಟ್ಟಿ ಬೇಡ, ಮೆತ್ತನೆ ಬಿಸಿ ರೊಟ್ಟಿ ಕೊಡ್ರಿ ಅಂತ ಮೊದಲೇ ಹೇಳ್ರಿ, ಮಾಡಿ ಕೊಡ್ತಾರೆ.