ಹೆದ್ದಾರಿ ಅಗಲವಾದ ಮೇಲೆ ಪಕ್ಕದ ಮನೆಗಳಿಗೆ ಮಳೆನೀರು ನುಗ್ಗುವುದೇಕೆ?

ರಸ್ತೆ ಎತ್ತರವಾಗಿ, ನೀರು ಹರಿದುಹೋಗುತ್ತಿದ್ದ ದಾರಿಗೆ ಒಡ್ಡು ಕಟ್ಟಿದಂತಾಗುತ್ತದೆ. ಮುಖ್ಯ ಕಾರಣ ಇದೇ.

ಕಲಬುರಗಿ, ಜೇವರ್ಗಿ ಕಡೆ ಇದು ಹೆಚ್ಚು ಕಾಡುವುದಕ್ಕೆ ನಮ್ಮ ಎರೆಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣಿನ ನೆಲ, ಕಾರಣ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೇ ಡಾಂಬರು ಹಾಕಿದರೆ ರಸ್ತೆ ಬೇಗ ಅಲೆಯಲೆಯಾಗಿ ಕುಸಿಯುತ್ತದೆ. ಹಾಗಾಗಿ ಎರೆ ತೆಗೆದು, ಮುರುಮು (ಗರಸು ಮಣ್ಣು) ತುಂಬಿ, ಜಲ್ಲಿ ಹಾಸಿ, ನೀರು ನಿಲ್ಲುವ ಮಟ್ಟಕ್ಕಿಂತ ಕನಿಷ್ಠ ಅರ್ಧ ಮೀಟರ್‌ನಷ್ಟಾದರೂ ಮೇಲಕ್ಕೆ ಎತ್ತುತ್ತಾರೆ. ರಸ್ತೆ ಬಾಳಬೇಕೆಂದರೆ ಅದು ಬೇಕೇಬೇಕು. ಆದರೆ ಮೊದಲು ರಸ್ತೆಗಿಂತ ಎರಡು ಮೆಟ್ಟಿಲು ಮೇಲಿದ್ದ, ಶಹಾಬಾದ್ ಫರ್ಸಿ ಕಲ್ಲು ಹಾಸಿದ ಮನೆ ಮುಂದಿನ ಕಟ್ಟೆ ಈಗ ರಸ್ತೆಗಿಂತ ಕೆಳಗಾಗುತ್ತದೆ. ನೆನೆದ ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲ. ರಸ್ತೆಯಡಿಯ ಅಡ್ಡಮೋರಿ ಚಿಕ್ಕದಿದ್ದರೆ, ಇಲ್ಲವೇ ಕಟ್ಟಡದ ಕಸದಿಂದ ಮುಚ್ಚಿದ್ದರೆ, ಆ ನೀರು ಹೊಸ್ತಿಲು ದಾಟಿ ಒಳಗೆ ಬರುತ್ತದೆ.

ನೆಲ ಕಳೆದುಕೊಂಡವರಿಗೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಪರಿಹಾರ ಉಂಟು. ಅಂಗುಲ ನೆಲವೂ ಹೋಗದೆ ನೀರು ಮಾತ್ರ ನುಗ್ಗಿಸಿಕೊಂಡವರು, ಅಂಗಡಿಗೆ ಗಿರಾಕಿ ಬರುವ ದಾರಿಯೇ ತಪ್ಪಿದವರು, ಸಾಮಾನ್ಯವಾಗಿ ಆ ಲೆಕ್ಕದಲ್ಲಿ ಬರುವುದಿಲ್ಲ. ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ.

ನಿಮ್ಮ ಕಡೆ ಕೆಲಸ ಇನ್ನೂ ನಡೆಯುತ್ತಿದ್ದರೆ, ಓಣಿಯವರೆಲ್ಲ ಸೇರಿ ಎಂಜಿನಿಯರರ ಹತ್ತಿರ ನಕ್ಷೆ ಕೇಳಿ. ಅಡ್ಡಮೋರಿ ಎಲ್ಲೆಲ್ಲಿ ಬರುತ್ತದೆ, ಪಕ್ಕದ ಚರಂಡಿ ಯಾವ ಹಳ್ಳಕ್ಕೆ ಸೇರುತ್ತದೆ ಎಂದು ಈಗಲೇ ತಿಳಿದುಕೊಳ್ಳಿ. ಡಾಂಬರು ಬಿದ್ದ ಮೇಲೆ ರಸ್ತೆ ಅಗೆದು ಮೋರಿ ಹಾಕಿಸುವುದು ಬಲು ಕಷ್ಟ.