ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಕೊಟ್ಟ ಮಾತು

ಪ್ರಶ್ನೆ: ನಾನು ದಕ್ಷಿಣ ಕೊಡಗಿನ ಒಂದು ಹಳ್ಳಿಯ ಹುಡುಗಿ. ಸೆಕೆಂಡ್ ಪಿಯುಸಿ, ಸೈನ್ಸ್. ನಮ್ಮದು ತುಂಬಾ ಚಿಕ್ಕ ಕಾಲೇಜು, ಕ್ಲಾಸಲ್ಲಿ ಇರುವುದೇ 14 ಜನ. ಅಪ್ಪ 24 ವರ್ಷ ಸೇನೆಯಲ್ಲಿದ್ದರು. 2025ರ ಮೇ ತಿಂಗಳ ಯುದ್ಧದ ಸಮಯದಲ್ಲಿ ಜಮ್ಮು ಕಡೆಯ ಗಡಿಯಲ್ಲಿದ್ದರು. ಅಕ್ಟೋಬರ್‌ನಲ್ಲಿ ಪೆನ್ಶನ್ ಆಗಿ ಮನೆಗೆ ಬಂದರು. ಬಂದವರು ಮೊದಲಿನ ಅಪ್ಪ ಅಲ್ಲ. ರಾತ್ರಿ ಮಲಗುವುದಿಲ್ಲ, ಜಗಲಿಯಲ್ಲಿ ಲೈಟ್ ಹಾಕದೆ ಕೂತಿರುತ್ತಾರೆ. ತೋಟಕ್ಕೆ ನುಗ್ಗಿದ ಆನೆ ಓಡಿಸಲು ಯಾರಾದರೂ ಪಟಾಕಿ ಹೊಡೆದರೆ ಮೈಯೆಲ್ಲ ಬೆವರುತ್ತದೆ. ಹುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯುವಾಗ ಊರಿನವರು ಗುಂಡು ಹಾರಿಸಿದರು. ಅಪ್ಪ ಎದ್ದು ಮನೆಗೆ ಹೋದವರು ಮರುದಿನದವರೆಗೂ ಕೋಣೆಯಿಂದ ಹೊರಗೆ ಬರಲಿಲ್ಲ. ಕುಡಿಯುವುದೂ ಜಾಸ್ತಿಯಾಗಿದೆ. ನಮಗೆ ಹೊಡೆಯುವುದಿಲ್ಲ, ಬಯ್ಯುವುದೂ ಇಲ್ಲ. ಅವ್ವ, ‘ಮನೆ ವಿಷಯ ಹೊರಗೆ ಹೇಳಬೇಡ’ ಎನ್ನುತ್ತಾರೆ. ಅಪ್ಪ ಎಲ್ಲಾದರೂ ಎದ್ದು ಹೋದರೆ ಅಂತ ಹೆದರಿ, ಓದುವ ನೆಪದಲ್ಲಿ ನಾನೂ ಎದ್ದಿರುತ್ತೇನೆ. ಒಂದು ರಾತ್ರಿ ಎರಡು ಗಂಟೆಗೆ ಅಪ್ಪ, ‘ನೀನು ಇಲ್ಲೇ ಇರುತ್ತೀಯಲ್ಲ?’ ಎಂದು ಕೇಳಿದರು. ಇರುತ್ತೇನೆ ಎಂದೆ. ಆದರೆ ನನಗೆ ಮೈಸೂರಿಗೆ ಹೋಗಿ ಬಿಎಸ್‌ಸಿ ನರ್ಸಿಂಗ್ ಓದುವ ಆಸೆ. ಈಗ ಕಾಲೇಜಿನಲ್ಲಿ ಜನವರಿ 26ಕ್ಕೆ ಅಪ್ಪನಿಗೆ ಸನ್ಮಾನ ಇಟ್ಟಿದ್ದಾರೆ. ‘ನನ್ನ ಅಪ್ಪ ನನ್ನ ಹೀರೋ’ ಎಂದು ನಾನೇ ಮಾತಾಡಬೇಕಂತೆ. ಅಪ್ಪ ಬರುವುದಿಲ್ಲ ಎನ್ನುತ್ತಾರೆ. ಹೇಗಾದರೂ ಮಾಡಿ ಕರೆದುಕೊಂಡು ಬಾ ಎಂದು ಪ್ರಿನ್ಸಿಪಾಲರು ನನಗೇ ಹೇಳಿದ್ದಾರೆ. ಅರ್ಧ ವಾರ್ಷಿಕದಲ್ಲಿ ಮಾರ್ಕ್ಸ್ ಬಿದ್ದುಹೋಗಿದೆ. ಅಪ್ಪನಿಗೆ ಮಾತು ಕೊಟ್ಟು ತಪ್ಪಿದರೆ ನಾನು ಎಂಥ ಮಗಳು?
– ಹೆಸರು ಬೇಡ

ಉತ್ತರ: ಮಗಳೇ, ಮೊದಲು ಸನ್ಮಾನದ ವಿಷಯ, ಯಾಕಂದರೆ ಅದಕ್ಕೆ ದಿನ ಕಡಿಮೆ ಇದೆ. ಬೇಡ ಎಂದು ಹೇಳು. ಅಪ್ಪ ಬರುವುದಿಲ್ಲ ಎಂದಿದ್ದಾರೆ, ಅಷ್ಟು ಸಾಕು. ಅವರನ್ನು ಒಪ್ಪಿಸುವ ಕೆಲಸ ನಿನ್ನದಲ್ಲ. ಪ್ರಿನ್ಸಿಪಾಲರು ಪ್ರೀತಿಯಿಂದಲೇ ಕೇಳಿರುತ್ತಾರೆ. ಚಿಕ್ಕ ಕಾಲೇಜು, ಊರಿನವರೇ ಒಬ್ಬರು ಗಡಿಯಿಂದ ಬಂದಿದ್ದಾರೆ, ಗೌರವಿಸಬೇಕು ಅನ್ನಿಸುವುದು ಸಹಜ. ಆದರೆ ಶಾಲು ಹೊದಿಸಿ, ಮೈಕ್ ಮುಂದೆ ಆ ದಿನಗಳ ಬಗ್ಗೆ ಎರಡು ಮಾತಾಡಿ ಎಂದರೆ ಕೆಲವರಿಗೆ ಅದು ದೊಡ್ಡ ಹಿಂಸೆ. ‘ಅಪ್ಪನಿಗೆ ಆರೋಗ್ಯ ಸರಿಯಿಲ್ಲ ಸರ್, ಈ ವರ್ಷ ಬೇಡ’ ಎಂದರೆ ಸಾಕು. ಅದರಲ್ಲಿ ಸುಳ್ಳೇನೂ ಇಲ್ಲ. ನೇರ ಹೇಳಲು ಆಗದಿದ್ದರೆ, ನಿನಗೆ ಸಲಿಗೆಯಿರುವ ಲೆಕ್ಚರರ್ ಒಬ್ಬರ ಹತ್ತಿರ ಹೇಳು. 14 ಮಕ್ಕಳ ಕ್ಲಾಸಿನಲ್ಲಿ ನಿನ್ನ ಮುಖ ಬಾಡಿರುವುದನ್ನು ಒಬ್ಬರಾದರೂ ಗಮನಿಸಿರುತ್ತಾರೆ. ಭಾಷಣವೂ ಅಷ್ಟೇ. ಮನೆಯಲ್ಲಿ ಹೀಗಿರುವಾಗ ಸ್ಟೇಜ್ ಮೇಲೆ ನಿಂತು ಹೀರೋ ಎಂದು ಮಾತಾಡಿದರೆ ಗಂಟಲು ಕಟ್ಟುವುದು ನಿನಗೇ.

ಇನ್ನು ಆ ರಾತ್ರಿಗಳ ಬಗ್ಗೆ ಸ್ವಲ್ಪ ಉದ್ದಕ್ಕೇ ಮಾತಾಡಬೇಕು.

ನಿನ್ನ ಅಪ್ಪನನ್ನು ನಾನು ನೋಡಿಲ್ಲ. ಕಾಯಿಲೆಗೆ ಹೆಸರಿಡುವುದು ಅವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದ ಡಾಕ್ಟರ ಕೆಲಸ. ಆದರೆ ನೀನು ಬರೆದದ್ದು ಯಾವುದೂ ವಿಚಿತ್ರ ಅಲ್ಲ. ಶಬ್ದಕ್ಕೆ ಬೆಚ್ಚುವುದು, ನಿದ್ದೆ ಬಾರದಿರುವುದು, ಮನೆಯವರಿಂದ ದೂರ ಸರಿದು ಕೂರುವುದು, ಮರೆಯಲು ಕುಡಿಯುವುದು – ಜೀವ ಹೋಗುವಂಥ ಅಪಾಯ ಕಂಡು ಬಂದ ಎಷ್ಟೋ ಜನರಲ್ಲಿ ಹೀಗಾಗುತ್ತದೆ. ಒಂದು ತಿಂಗಳು ದಾಟಿಯೂ ಇದು ಕಡಿಮೆಯಾಗದೆ ದಿನನಿತ್ಯದ ಬದುಕಿಗೆ ಅಡ್ಡ ಬಂದರೆ, ಅದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ, ಇರಬಹುದಾ ಎಂದು ಡಾಕ್ಟರು ನೋಡುತ್ತಾರೆ. ಅದಕ್ಕೆ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಮಾತ್ರೆಯೂ ಇದೆ. ತುಂಬಾ ಜನ ಸುಧಾರಿಸಿಕೊಳ್ಳುತ್ತಾರೆ.

ಮೇ 7ರಿಂದ 10ರವರೆಗೆ ನಾಲ್ಕೇ ದಿನದ ಯುದ್ಧ ಅಲ್ವಾ, ಅದಕ್ಕೆ ಇಷ್ಟೊಂದಾ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಟಿವಿಯಲ್ಲಿ ಕಂಡದ್ದು ನಾಲ್ಕು ದಿನ. ಆ ದಿನಗಳಲ್ಲಿ ಪೂಂಛ್, ರಾಜೌರಿ ಕಡೆ ಶೆಲ್ ಬಿದ್ದು ಊರಿನ ಜನ, ಮಕ್ಕಳು ಕೂಡ ಸತ್ತರು. ಅಪ್ಪ ಏನು ನೋಡಿದರೋ ನಮಗೆ ಗೊತ್ತಿಲ್ಲ. ಅದರ ಹಿಂದೆ 24 ವರ್ಷದ ಸೇವೆಯೂ ಇದೆ. ಅಲ್ಲಿ ಇರುವವರೆಗೆ ಡ್ಯೂಟಿ ಇರುತ್ತದೆ, ಜೊತೆಗಾರರು ಇರುತ್ತಾರೆ, ಬೆಳಿಗ್ಗೆ ಎದ್ದರೆ ಮಾಡಲು ಕೆಲಸ ಇರುತ್ತದೆ. ಪೆನ್ಶನ್ ಆಗಿ ಬಂದ ಮೇಲೆ ಅದೆಲ್ಲ ಒಂದೇ ಸಲ ನಿಂತುಹೋಗುತ್ತದೆ. ಒಳಗೆ ತಡೆದಿಟ್ಟದ್ದು ಆಗ ಮೇಲೆ ಬರುವುದೂ ಉಂಟು. ಮೇಲಿಂದ ನಿಮ್ಮೂರು ಕೊಡಗು. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ, ಹುತ್ತರಿಗೆ ಗುಂಡು, ಆನೆ ಬಂದರೆ ಪಟಾಕಿ. ಬೇರೆಯವರಿಗೆ ಹಬ್ಬ, ಅಭ್ಯಾಸ. ನಿನ್ನ ಅಪ್ಪನ ಮೈ ಮಾತ್ರ ಆ ಶಬ್ದವನ್ನು ಬೇರೆ ಥರ ಕೇಳಿಸಿಕೊಳ್ಳುತ್ತಿದೆ. ಅದು ಪುಕ್ಕಲುತನ ಅಲ್ಲ.

ಆದರೆ ಇದಕ್ಕೆ ಮದ್ದು ನೀನಲ್ಲ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. 17 ವರ್ಷದ ಹುಡುಗಿ ರಾತ್ರಿಯಿಡೀ ಪಾಳಿ ಕೂತರೆ ಅಪ್ಪನಿಗೆ ನಿದ್ದೆ ಬರುವುದಿಲ್ಲ, ನಿನ್ನ ನಿದ್ದೆ ಹೋಗುತ್ತದೆ ಅಷ್ಟೆ. ನಿನ್ನ ಮಾರ್ಕ್ಸ್ ಬಿದ್ದದ್ದು ಬುದ್ಧಿ ಕಡಿಮೆಯಾಗಿ ಅಲ್ಲ, ನಿದ್ದೆ ಇಲ್ಲದೆ. ಇವತ್ತು ರಾತ್ರಿಯಿಂದ ಮಲಗು. ‘ಅಪ್ಪನನ್ನು ನೋಡಿಕೊಳ್ಳಲು ನಾನು ಎದ್ದಿರುತ್ತಿದ್ದೆ, ಇನ್ನು ನನ್ನಿಂದಾಗುವುದಿಲ್ಲ’ ಎಂದು ಅವ್ವನಿಗೆ ಬಾಯಿಬಿಟ್ಟು ಹೇಳು. ಬಹುಶಃ ಅವರಿಗೆ ಅದು ಗೊತ್ತೇ ಇಲ್ಲ. ಮಗಳು ಓದುತ್ತಿದ್ದಾಳೆ ಎಂದುಕೊಂಡಿದ್ದಾರೆ.

ಹಾಗಾದರೆ ಕಾಯುವವರು ಯಾರು ಎಂದು ನೀನು ಕೇಳುತ್ತೀಯ. ಅಲ್ಲಿಯೇ ಒಂದು ಕಷ್ಟದ ಮಾತಿದೆ. ಕೊಡಗಿನ ಎಷ್ಟೋ ಮನೆಗಳಂತೆ ನಿಮ್ಮ ಮನೆಯಲ್ಲೂ ಕೋವಿ ಇರಬಹುದು. ಇದ್ದರೆ, ಅಪ್ಪ ಸುಧಾರಿಸಿಕೊಳ್ಳುವ ತನಕ ಅದು ಆ ಮನೆಯಲ್ಲಿ ಇರಬಾರದು. ನೀನು ಅದನ್ನು ಮುಟ್ಟಬೇಡ, ಬಚ್ಚಿಡಬೇಡ. ಅವ್ವನಿಗೆ ಹೇಳು. ಅವ್ವ ಕುಟುಂಬದ ಹಿರಿಯರೊಬ್ಬರಿಗೆ ಹೇಳಲಿ. ಅವರು ಬಂದು ತೆಗೆದುಕೊಂಡು ಹೋಗಿ ಕುಟುಂಬದ ಮೂಲ ಮನೆಯಾದ ಐನ್‌ಮನೆಯಲ್ಲಿ ಬೀಗ ಹಾಕಿ ಇಡಲಿ, ಅಥವಾ ಠಾಣೆಯಲ್ಲಿ ಜಮಾ ಮಾಡಲಿ. ಅಪ್ಪನ ಮೇಲೆ ಅನುಮಾನಪಟ್ಟು ನಾನು ಇದನ್ನು ಹೇಳುತ್ತಿಲ್ಲ. ಕುಡಿತ, ನಿದ್ದೆಗೇಡು, ಕೈಗೆ ಸಿಗುವ ಕೋವಿ – ಈ ಮೂರೂ ಒಟ್ಟಿಗೆ ಇರುವ ಮನೆಯಲ್ಲಿ ಒಂದು ಕೆಟ್ಟ ಗಳಿಗೆ ಸಾಕು. ‘ನಾನು ಇದ್ದೇನು ಪ್ರಯೋಜನ’ ಅನ್ನುವಂಥ ಮಾತು ಅಪ್ಪನ ಬಾಯಿಂದ ಬಂದರೆ, ಅದು ಕುಡಿದ ಮಾತು ಎಂದು ಬಿಡಬೇಡಿ. ಅದೇ ಹೊತ್ತಿಗೆ ಅವರ ಜೊತೆ ದೊಡ್ಡವರು ಒಬ್ಬರು ಇರಲಿ, 14416ಕ್ಕೆ ಫೋನ್ ಮಾಡಲಿ, ಅಪಾಯ ಕಂಡರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ.

14416 ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಹೆಸರು ಹೇಳಲೇಬೇಕು ಅಂತಿಲ್ಲ. ನೀನೂ ಮಾಡಬಹುದು, ನಿನಗಾಗಿಯೇ. ಅಪ್ಪನ ವಿಷಯ ಹೇಳಿ ಸುಮ್ನೆ ಅತ್ತುಬಿಟ್ಟರೂ ಆ ಕಡೆ ಕೇಳುವವರು ಇರುತ್ತಾರೆ.

ಅವ್ವನ ಬಗ್ಗೆ ಒಂದು ಮಾತು. ‘ಹೊರಗೆ ಹೇಳಬೇಡ’ ಎಂದರೆಂದು ಅವರ ಮೇಲೆ ಸಿಟ್ಟಾಗಬೇಡ. ಗಂಡ ಗಡಿಯಲ್ಲಿದ್ದಾಗ ಇಷ್ಟು ವರ್ಷ ತೋಟ, ಮನೆ, ಮಕ್ಕಳು ಎಲ್ಲವನ್ನೂ ಒಬ್ಬರೇ ನೋಡಿಕೊಂಡವರು. ಈಗಲಾದರೂ ಹೆಗಲು ಹಗುರವಾಗುತ್ತದೆ ಎಂದು ಕಾದಿದ್ದರು. ರೊಬಸ್ಟಾ ಕುಯ್ಲಿನ ಸಮಯದಲ್ಲಿ ಈ ಭಾರವೂ ಬಂದಿದೆ. ಊರಿನವರ ಬಾಯಿಗೆ ಬೀಳುವುದು ಬೇಡ ಎನ್ನುವ ಅವರ ಮಾತನ್ನು ನೀನು ಪಾಲಿಸು. ಆದರೆ ಡಾಕ್ಟರು ಊರಿನವರಲ್ಲ. ಕುಟುಂಬದ ಹಿರಿಯರು ಊರಿನವರಲ್ಲ. ಹೀಗೆಂದು ಅವ್ವನಿಗೆ ಹೇಳಿ ನೋಡು.

ಅಪ್ಪನ ಹತ್ತಿರ ಚಿಕಿತ್ಸೆಯ ಮಾತು ತೆಗೆಯಲು ನಿನಗಿಂತ ಸರಿಯಾದವರು ಬೇರೆ ಇದ್ದಾರೆ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ ಅದು. ಯಾವ ಊರಿಗೆ ಹೋದರೂ ಒಬ್ಬ ಮಾಜಿ ಸೈನಿಕರು ಸಿಗುತ್ತಾರೆ. 1971ರ ಯುದ್ಧ ಕಂಡ ಅಜ್ಜ ಯಾರಾದರೂ ಇರಬಹುದು, 1999ರಲ್ಲಿ ಕಾರ್ಗಿಲ್‌ನಲ್ಲಿದ್ದ ಮಾವ ಯಾರಾದರೂ ಇರಬಹುದು. ಗೋಡೆಯ ಮೇಲೆ ಯೂನಿಫಾರ್ಮ್ ಹಾಕಿದ ಫೋಟೋ ಇರುವ ಆ ಮನೆಗಳಲ್ಲಿ ಪದಕದ ಕಥೆ ಎಲ್ಲರೂ ಹೇಳುತ್ತಾರೆ, ರಾತ್ರಿಯ ಕಥೆ ಯಾರೂ ಹೇಳುವುದಿಲ್ಲ. ಅಂಥವರೊಬ್ಬರು ಅಪ್ಪನ ಪಕ್ಕ ಜಗಲಿಯಲ್ಲಿ ಕೂತು ‘ನನಗೂ ಹೀಗಾಗಿತ್ತು’ ಎಂದರೆ, ಆ ಒಂದು ಮಾತು ನಿನ್ನ ನೂರು ಬೇಡಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಯಾರನ್ನು ಕರೆಯಬೇಕೆಂದು ಅವ್ವನಿಗೆ ಗೊತ್ತಿರುತ್ತದೆ. ಬಾಟಲಿ ಇಟ್ಟುಕೊಂಡು ಜೊತೆ ಕೂರುವವರು ಮಾತ್ರ ಬೇಡ.

ಈಗ ನಿನ್ನ ಆ ಮಾತು. ‘ಇಲ್ಲೇ ಇರುತ್ತೀಯಲ್ಲ’ ಎಂದು ಅಪ್ಪ ಕೇಳಿದ್ದು ಮುಂದಿನ ನಾಲ್ಕು ವರ್ಷದ ಬಗ್ಗೆ ಎಂದು ನನಗೆ ಅನ್ನಿಸುವುದಿಲ್ಲ. ಆ ಕತ್ತಲಲ್ಲಿ, ಆ ಗಳಿಗೆಯಲ್ಲಿ ಪಕ್ಕದಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದರು. ನೀನು ಇದ್ದೆ. ಇರುತ್ತೇನೆ ಎಂದೆ. ಆ ಮಾತನ್ನು ನೀನು ಆಗಲೇ ಉಳಿಸಿಕೊಂಡಿದ್ದೀಯ. ಅದಕ್ಕೆ ನರ್ಸಿಂಗ್ ಸೀಟು ಬಿಟ್ಟುಕೊಡಬೇಕಾಗಿಲ್ಲ.

ನನ್ನ ಅಂದಾಜು ತಪ್ಪೂ ಇರಬಹುದು. ನೀನು ದೂರ ಹೋಗುವುದೇ ಅವರಿಗೆ ಹೆದರಿಕೆ ಇರಬಹುದು. ಹಾಗಿದ್ದರೂ ಉತ್ತರ ಬದಲಾಗುವುದಿಲ್ಲ. ಮಗಳು ಮನೆ ಬಿಟ್ಟು ಹೋಗದೆ ಇದ್ದರೆ ಈ ಕಾಯಿಲೆ ವಾಸಿಯಾಗುತ್ತದೆ ಎನ್ನುವ ಹಾಗಿದ್ದರೆ ಬೇರೆ ಮಾತು. ಆಗುವುದಿಲ್ಲ. ಐದು ವರ್ಷ ಕಳೆದ ಮೇಲೆ ನೀನು ಇಲ್ಲೇ ಕೂತು ಒಳಗೊಳಗೇ ಅಪ್ಪನ ಮೇಲೆ ಬೇಸರಪಡುತ್ತಿದ್ದರೆ, ಅದು ನಿಮ್ಮಿಬ್ಬರಿಗೂ ಒಳ್ಳೆಯದಲ್ಲ. ಮೈಸೂರು ಏನು ದೂರ? ವಾರದ ಕೊನೆಗೆ ಬಸ್ ಹತ್ತಿ ಬರುವಷ್ಟು.

ಆದರೆ ಇದನ್ನು ಅಪ್ಪನಿಂದ ಮುಚ್ಚಿಟ್ಟು ಅರ್ಜಿ ಹಾಕಬೇಡ. ರಾತ್ರಿ ಹೇಳಬೇಡ, ಕುಡಿದಾಗ ಹೇಳಬೇಡ. ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ, ಅವ್ವನೂ ಇರುವಾಗ ಹೇಳು: ‘ಅಪ್ಪ, ನನಗೆ ನರ್ಸಿಂಗ್ ಓದಬೇಕು, ಮೈಸೂರಿಗೆ ಹೋಗಬೇಕು. ಪ್ರತಿದಿನ ಫೋನ್ ಮಾಡುತ್ತೇನೆ.’ ಅವರು ಏನೂ ಹೇಳದೆ ಎದ್ದು ಹೋಗಬಹುದು. ಹೋಗಲಿ. ಬೇಡ ಎಂದ ಹಾಗಲ್ಲ ಅದು. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಮಾತು ತೆಗೆ.

ಪರೀಕ್ಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೆಬ್ರವರಿ ಕೊನೆಗೆ ಶುರು, ಏಪ್ರಿಲ್‌ನಲ್ಲಿ ಸಿಇಟಿ. ಈಗ ಸೆಕೆಂಡ್ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಒಂದನೆಯದು ಕೈಕೊಟ್ಟರೆ ವರ್ಷ ಹೋಗುವುದಿಲ್ಲ. ಇದು ಮನಸ್ಸಿನಲ್ಲಿದ್ದರೆ ಸ್ವಲ್ಪ ಉಸಿರಾಡಬಹುದು. ಮನೆಯಲ್ಲಿ ಓದಲು ಆಗದಿದ್ದರೆ ಸಂಜೆ ಕಾಲೇಜಿನಲ್ಲೇ ಒಂದು ಕೋಣೆ ಕೊಡಿ ಎಂದು ಕೇಳು. ಅಷ್ಟು ಚಿಕ್ಕ ಕಾಲೇಜಿನಲ್ಲಿ ಅದು ಕಷ್ಟ ಅಲ್ಲ. ಇನ್ನಿಬ್ಬರು ಗೆಳತಿಯರೂ ಬಂದರೆ ಒಳ್ಳೆಯದೇ.

ಕೊನೆಗೆ ಕಾಗದಪತ್ರ. ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಇದೆ. ಸಿಇಟಿ ಸೀಟು ಹಂಚಿಕೆಯಲ್ಲಿ ಮಾಜಿ ಸೈನಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ. ಪ್ರಧಾನಮಂತ್ರಿ ವಿದ್ಯಾರ್ಥಿವೇತನವೂ ಇದೆ. ನರ್ಸಿಂಗ್‌ನಂಥ ವೃತ್ತಿ ಕೋರ್ಸಿಗೆ ಸೇರಿದ ಮಾಜಿ ಸೈನಿಕರ ಮಕ್ಕಳಿಗೆ, ಪಿಯುಸಿಯಲ್ಲಿ ಶೇ 60 ಇದ್ದರೆ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ತಿಂಗಳಿಗೆ 3000 ರೂಪಾಯಿ. ಎರಡಕ್ಕೂ ಅಪ್ಪನ ಸೇವೆಯ ದಾಖಲೆ ಬೇಕು, ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯ ಪ್ರಮಾಣಪತ್ರ ಬೇಕು. ಆ ಕಾಗದ ಅಪ್ಪನೇ ಹೋಗಿ ಮಾಡಿಸಿಕೊಡಲಿ. ‘ನನಗಾಗಿ ಇದೊಂದು ಮಾಡಿಸಿಕೊಡಿ ಅಪ್ಪ’ ಎಂದು ಕೇಳು. ಅಕ್ಟೋಬರ್‌ನಿಂದ ಸುಮ್ಮನೆ ಕೂತಿರುವವರಿಗೆ ಮಗಳ ಕೆಲಸ ಎಂದರೆ ಎದ್ದು ಹೊರಡಲು ಒಂದು ಕಾರಣ ಸಿಗುತ್ತದೆ. ಜೊತೆಗೆ ಆ ಹಿರಿಯ ಸೈನಿಕರೂ ಹೋಗಲಿ. ಪೆನ್ಶನ್ ಆದ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ಮಡಿಕೇರಿಯಲ್ಲೇ ಇದೆ. ಕಾಗದದ ಕೆಲಸ ಮುಗಿದ ಮೇಲೆ ಅಲ್ಲಿಗೂ ಹೋಗಿ, ‘ನಿದ್ದೆ ಬರುತ್ತಿಲ್ಲ’ ಎಂದಷ್ಟೇ ಹೇಳಲಿ. ಮುಂದಿನದು ಡಾಕ್ಟರೇ ಕೇಳುತ್ತಾರೆ. ಇಸಿಎಚ್‌ಎಸ್ ಕಾರ್ಡ್ ಇನ್ನೂ ಆಗಿಲ್ಲದಿದ್ದರೆ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಮೊದಲೇ ಫೋನ್ ಮಾಡಿ ವಿಚಾರಿಸಿಕೊಂಡು ಹೋದರಾಯಿತು. ಹೋಗುವ ದಿನ ನೀನು ರಜೆ ಹಾಕಬೇಡ, ಕಾಲೇಜಿಗೆ ಹೋಗು.