ಸಂಪಾದಕರ ಉತ್ತರ: ಚೌತಿಗೆ ಊರಿಗೆ ಹೋಗಲೋ, ಓದಲೋ?

ಧಾರವಾಡದ ಸಪ್ತಾಪುರದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ನನಗೆ 27 ವರ್ಷ. ಊರು ಶಿರಸಿ ಕಡೆ. ನಾಲ್ಕು ವರ್ಷದಿಂದ ಐಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಮೂರು ಸಲ ಬರೆದೆ. ಈ ಸಲವೂ ಮೊದಲ ಹಂತದ ಪ್ರಿಲಿಮ್ಸ್ ಪಾಸಾಗಲಿಲ್ಲ. ದಿನಕ್ಕೆ 14 ಗಂಟೆ ಲೈಬ್ರರಿಯಲ್ಲೇ ಇರುತ್ತೇನೆ. ಈ ನಾಲ್ಕು ವರ್ಷದಲ್ಲಿ ಎರಡು ಮಾರಿಕಾಂಬಾ ಜಾತ್ರೆ ಆದವು, ಒಂದಕ್ಕೂ ಹೋಗಲಿಲ್ಲ. ಅಕ್ಕನ ಮಗುವಿನ ನಾಮಕರಣಕ್ಕೆ ಬೆಳಗ್ಗೆ ಹೋಗಿ ಸಂಜೆ ಬಸ್ಸಿಗೆ ವಾಪಸ್ ಬಂದೆ. ಬಂದು ಓದಿದ್ದೂ ಇಲ್ಲ, ಸುಸ್ತಾಗಿ ಮಲಗಿಬಿಟ್ಟೆ. ಅಪ್ಪ ಅರ್ಧ ಎಕರೆ ಹೊಸ ಅಡಿಕೆ ತೋಟ ಹಾಕಿದ್ದಾರೆ, ಅದನ್ನೂ ಇನ್ನೂ ನೋಡಿಲ್ಲ. ಕಳೆದ ಚೌತಿಗೆ ಹೋಗಿದ್ದೆ. ಎಲ್ಲರೂ ಕೂಡಿ ಚಕ್ಕುಲಿ ಸುತ್ತುವ ಕಂಬಳದಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡು ಕರೆಂಟ್ ಅಫೇರ್ಸ್ ಕೇಳುತ್ತಿದ್ದೆ. ಅಮ್ಮ, 'ನೀನು ಮನೆಗೆ ಬಂದಿದ್ದೀಯೋ ಇಲ್ಲವೋ?' ಎಂದು ಕೇಳಿದರು. ಓದುವಾಗ ಮನೆಯ ನೆನಪು, ಮನೆಯಲ್ಲಿದ್ದರೆ ಓದಿನ ನೆನಪು. ಇವತ್ತಿನ ಖುಷಿ ಬಿಟ್ಟರೆ ತಾನೇ ನಾಳೆ ಏನಾದರೂ ಸಿಗೋದು? ಗೆಳತಿಯರು ಮಾತ್ರ 'ಇವತ್ತಿನ ದಿನ ಬದುಕೇ' ಅಂತಾರೆ. ಈ ಸಲ ಚೌತಿಗೆ ಹೋಗಲೋ, ಬೇಡವೋ?"

ತಂಗೀ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೋಗಿ. ಮೂರು ದಿನ ಇದ್ದು ಬನ್ನಿ. ಇಯರ್‌ಫೋನನ್ನು ಧಾರವಾಡದ ರೂಮಿನಲ್ಲೇ ಬಿಟ್ಟು ಹೋಗಿ.

ಹೀಗೆ ಹೇಳಿದ ಮಾತ್ರಕ್ಕೆ ನಾನು ನಿಮ್ಮ ಗೆಳತಿಯರ ಪಕ್ಷ ಎಂದುಕೊಳ್ಳಬೇಡಿ. ಒಬ್ಬ ಹೆಣ್ಣುಮಗಳು ಹಳ್ಳಿಯಿಂದ ಹೊರಟು, ಸಣ್ಣ ರೂಮಿನಲ್ಲಿ ಇದ್ದುಕೊಂಡು, ಜಿಲ್ಲೆ ನಡೆಸುವ ಕುರ್ಚಿಯಲ್ಲಿ ಕೂರಬೇಕು ಎಂದು ಆಸೆಪಡುವುದು ದೊಡ್ಡ ವಿಷಯ. ನಾಳೆಯ ಚಿಂತೆ ಬಿಡು ಎಂದು ಹೇಳುವುದು ನಾಳೆ ಭದ್ರವಾಗಿರುವವರಿಗೆ ಸುಲಭ. ನಿಮ್ಮ ನಾಳೆಯನ್ನು ನೀವೇ ಕಟ್ಟಿಕೊಳ್ಳಬೇಕು. ಅದಕ್ಕೆ ಕಷ್ಟಪಡಲೇಬೇಕು. ಆ ಆಸೆಯನ್ನು ಒಂದು ಗೇಣೂ ಇಳಿಸಿಕೊಳ್ಳಬೇಡಿ.

ನನಗೆ ಚುಚ್ಚಿದ್ದು ನಿಮ್ಮ ಪತ್ರದ ಬೇರೊಂದು ಸಾಲು. ನಾಮಕರಣದ ದಿನ ಸಂಜೆ ಬಸ್ಸಿಗೆ ವಾಪಸ್ ಬಂದಿರಿ, ಬಂದು ಓದಲಿಲ್ಲ, ಮಲಗಿಬಿಟ್ಟಿರಿ. ಹಾಗಾದರೆ ಯಾಕೆ ಬಂದಿರಿ? ಮನೆಯಲ್ಲಿ ಉಳಿದಿದ್ದರೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿತ್ತು, ಅದಕ್ಕೇ ಅಲ್ವಾ? ಮುಂಡಗೋಡು, ಹುಬ್ಬಳ್ಳಿ ದಾಟಿ ಬರುವ ಆ ಬಸ್ಸಿನಲ್ಲಿ ಕೂತು ನೀವು ಒಂದು ಸಂತೋಷವನ್ನು ಬಿಟ್ಟುಕೊಟ್ಟಿರಿ. ಅದರಿಂದ ಒಂದು ಪುಟವೂ ಓದಿದ ಹಾಗೆ ಆಗಲಿಲ್ಲ. ಬಿಟ್ಟದ್ದನ್ನೆಲ್ಲ ನೀವು ಓದಿನ ಲೆಕ್ಕಕ್ಕೆ ಜಮಾ ಮಾಡುತ್ತಿದ್ದೀರಿ. ಜಾತ್ರೆ ಬಿಟ್ಟೆ, ನಾಮಕರಣ ಬಿಟ್ಟೆ, ತೋಟ ನೋಡುವುದನ್ನು ಬಿಟ್ಟೆ, ಆದ್ದರಿಂದ ನಾನು ಶ್ರಮ ಪಡುತ್ತಿದ್ದೇನೆ ಅಂತ. ಬಿಡುವುದೇ ಬೇರೆ, ಓದುವುದೇ ಬೇರೆ.

ಇದು ನನಗೆ ಹೇಗೆ ಗೊತ್ತು ಎಂದರೆ, ನಾನೂ ಇದೇ ತಪ್ಪು ಮಾಡಿದವನು.

ನಾನೂ ಮಲೆನಾಡಿನವನೇ. ಪತ್ರಿಕೆಯೊಂದಕ್ಕೆ ಉಪಸಂಪಾದಕನಾಗಿ ಸೇರಿದಾಗ ನನಗೆ 24 ವರ್ಷ. ದೀಪಾವಳಿ ವಿಶೇಷಾಂಕದ ಕೆಲಸ ಬಿರುಸಾಗುವುದು ಸರಿಯಾಗಿ ಚೌತಿ ಹೊತ್ತಿಗೆ. ಕತೆಗಾರರು ಬರೆದುಕೊಡಬೇಕು, ಚಿತ್ರ ಬರೆಸಬೇಕು, ಕರಡು ತಿದ್ದಬೇಕು. ಹಬ್ಬಕ್ಕೆ ಮೊದಲೇ ಅಂಗಡಿಯಲ್ಲಿ ಸಂಚಿಕೆ ಇರಬೇಕು. ಒಂಬತ್ತು ವರ್ಷ ನಾನು ಚೌತಿಗೆ ಊರಿಗೆ ಹೋಗಲಿಲ್ಲ.

ನಮ್ಮ ಮನೆಯ ಕಂಬಳದಲ್ಲಿ ಸೋದರತ್ತೆಯದೇ ಮೊದಲ ಮಣೆ. ಅವರ ಕೈಚಕ್ಕುಲಿ ಐದು ಸುತ್ತಿನದು. ನಿಮಗೆ ಗೊತ್ತಿರುತ್ತದೆ, ಆದರೂ ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಕೈಚಕ್ಕುಲಿಗೆ ಒರಳು, ಅಚ್ಚು ಏನೂ ಇಲ್ಲ. ನಿಂಬೆಹಣ್ಣಿನಷ್ಟು ಹಿಟ್ಟು ಕೈಗೆ ತೆಗೆದುಕೊಳ್ಳಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅದನ್ನು ಹೊಸೆಯುತ್ತಾ ಇಳಿಸಬೇಕು. ಹಗ್ಗದ ಹುರಿಯ ಹಾಗೆ ತಿರುಚಿಕೊಂಡು ಇಳಿಯುತ್ತದೆ. ಇಳಿದ ಹಾಗೇ ಸುತ್ತಬೇಕು. ಹಿಟ್ಟು ಗಟ್ಟಿಯಾದರೆ ತುಂಡಾಗುತ್ತದೆ, ನೀರಾದರೆ ಹುರಿ ನಿಲ್ಲುವುದಿಲ್ಲ. ಮನಸ್ಸು ಬೇರೆ ಕಡೆ ಹೋಯಿತೋ, ಆ ಕ್ಷಣಕ್ಕೆ ತುಂಡಾಗುತ್ತದೆ. ಅತ್ತೆ ಕೈ ನೋಡುತ್ತಲೇ ಇರಲಿಲ್ಲ. ಸುತ್ತ ಕೂತವರ ಜೊತೆ ಮಾತಾಡುತ್ತಾ ಸುತ್ತುತ್ತಿದ್ದರು. ಮೊದಲ ಸುತ್ತಿನಷ್ಟೇ ದಪ್ಪಕ್ಕೆ ಐದನೆಯದೂ ಇರುತ್ತಿತ್ತು.

ನಾನು ಪ್ರತಿ ವರ್ಷ ಫೋನಿನಲ್ಲಿ ಹೇಳುತ್ತಿದ್ದೆ, "ಮುಂದಿನ ಸಲ ಬಂದು ಕಲೀತೇನೆ ಅತ್ತೆ."

ಹತ್ತನೆಯ ವರ್ಷ ಹೋದೆ. ಅತ್ತೆ ಅದೇ ಮಣೆಯ ಮೇಲೆ ಕೂತಿದ್ದರು. ಬೆರಳ ಗಂಟುಗಳು ಊದಿಕೊಂಡು, ಹಿಟ್ಟು ಹಿಡಿಯಲೂ ಆಗುತ್ತಿರಲಿಲ್ಲ. ಬಾಯಲ್ಲಿ ಹೇಳಿಕೊಟ್ಟರು. ನನಗೆ ಎರಡು ಸುತ್ತಿಗಿಂತ ಜಾಸ್ತಿ ಬರಲಿಲ್ಲ, ಇವತ್ತಿಗೂ ಬರುವುದಿಲ್ಲ. ಕೈಯಿಂದ ಕೈಗೆ ಬರುವ ವಿದ್ಯೆ ಅದು, ಮಾತಿಗೆ ಸಿಗಲಿಲ್ಲ.

ಆ ಒಂಬತ್ತು ವಿಶೇಷಾಂಕಗಳೂ ಚೆನ್ನಾಗಿಯೇ ಬಂದವು. ಆ ಕೆಲಸದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಆದರೆ ರಾತ್ರಿ ಬಸ್ಸು ಹತ್ತಿ ಎರಡು ದಿನ ಹೋಗಿ ಬಂದಿದ್ದರೂ ಅವು ಅಷ್ಟೇ ಚೆನ್ನಾಗಿ ಬರುತ್ತಿದ್ದವು. ನನಗೆ ಆಗಲೂ ಅದು ಗೊತ್ತಿತ್ತು. ಊರಿಗೆ ಹೋಗದೇ ಇರುವುದೇ ದುಡಿಮೆ ಎಂದು ನಂಬಿಕೊಂಡಿದ್ದೆ, ಅಷ್ಟೇ.

ಈಗ ನಿಮ್ಮ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. 2023ರ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 10,16,850 ಜನ. ಪ್ರಿಲಿಮ್ಸ್ ಬರೆದವರು 5,92,141. ಮುಖ್ಯ ಪರೀಕ್ಷೆಗೆ ಹೋದವರು 14,624, ಸಂದರ್ಶನಕ್ಕೆ 2,855. ಕೊನೆಗೆ ಆಯ್ಕೆಯಾದವರು 1,016. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೆದರಿಸಲು ಹೇಳುತ್ತಿಲ್ಲ. ಆಯ್ಕೆಯಾದ ಮೇಲೇ ಬದುಕು ಶುರು ಎಂದುಕೊಂಡರೆ, ಆ ವರ್ಷ ಸುಮಾರು 5,91,000 ಜನ ಬದುಕಲೇ ಇಲ್ಲ ಎಂದ ಹಾಗಾಯಿತಲ್ಲ? ಅವರಲ್ಲಿ ಎಷ್ಟೋ ಜನ ಜಾಣರು, ಕಷ್ಟಪಟ್ಟವರು. ಅವರು ಓದಿದ್ದು ಸುಳ್ಳಲ್ಲ, ಅವರ ದಿನಗಳೂ ಸುಳ್ಳಲ್ಲ.

ಇನ್ನೊಂದು ಲೆಕ್ಕ ನೋಡಿ. ಆ ಸಲ ಪ್ರಿಲಿಮ್ಸ್ ನಡೆದದ್ದು 2023ರ ಮೇ 28ಕ್ಕೆ. ಅಂತಿಮ ಫಲಿತಾಂಶ ಬಂದದ್ದು 2024ರ ಏಪ್ರಿಲ್ 16ಕ್ಕೆ. ಈ ನಡುವೆ ನಾಗರಪಂಚಮಿ, ಚೌತಿ, ದಸರೆ, ದೀಪಾವಳಿ, ಸಂಕ್ರಾಂತಿ, ಯುಗಾದಿ ಎಲ್ಲ ಬಂದು ಹೋದವು. ಶಿರಸಿಯಲ್ಲಿ ಜಾತ್ರೆಯೂ ಆಯಿತು. ಒಂದು ಪರೀಕ್ಷೆ ಎಂದರೆ ಹಬ್ಬಗಳ ಒಂದು ಪೂರ್ತಿ ಸುತ್ತು. ಆರು ಸಲ ಬರೆಯುವವರು ಎಲ್ಲವನ್ನೂ ಬಿಡುತ್ತಾ ಹೋದರೆ ಆರು ಸುತ್ತು ಹೋಗುತ್ತದೆ. ಮಾರಿಕಾಂಬೆಯಂತೂ ಬಿಡಕಿ ಬೈಲಿನ ಗದ್ದುಗೆಗೆ ಬರುವುದು ಎರಡು ವರ್ಷಕ್ಕೊಮ್ಮೆ. ಒಂದು ಸಲ ತಪ್ಪಿದರೆ ಮತ್ತೆ ಅಷ್ಟು ಕಾಯಬೇಕು.

ಬಿಡಲೇಬೇಕಾದ ಹಬ್ಬವೂ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. 2023ರಲ್ಲಿ ಮುಖ್ಯ ಪರೀಕ್ಷೆ ಸೆಪ್ಟೆಂಬರ್ 15ಕ್ಕೆ ಶುರುವಾಗಿ 24ಕ್ಕೆ ಮುಗಿಯಿತು. ಚೌತಿ 18ಕ್ಕೆ ಬಂದಿತ್ತು. ಅಂಥ ವರ್ಷ ನೀವು ಮುಖ್ಯ ಪರೀಕ್ಷೆಗೆ ಕೂತಿದ್ದರೆ ಊರಿಗೆ ಹೋಗಬೇಡಿ ಎಂದು ನಾನೇ ಹೇಳುತ್ತಿದ್ದೆ. ಅಮ್ಮನೂ ಅದನ್ನೇ ಹೇಳುತ್ತಿದ್ದರು. ಆದರೆ ಈ ವರ್ಷ ನಿಮಗೆ ಮುಖ್ಯ ಪರೀಕ್ಷೆ ಇಲ್ಲ. ಮುಂದಿನ ಪ್ರಿಲಿಮ್ಸ್‌ಗೆ ಇನ್ನೂ ತಿಂಗಳುಗಟ್ಟಲೆ ಸಮಯವಿದೆ. ಮೂರು ದಿನದ ಚೌತಿ ಅದರಲ್ಲಿ ಏನನ್ನೂ ಕಿತ್ತುಕೊಳ್ಳುವುದಿಲ್ಲ.

ಅಪ್ಪನ ಹೊಸ ತೋಟದ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನನಗೆ ಅಲ್ಲಿಂದ ಮುಂದೆ ಹೋಗಲು ಆಗುತ್ತಿಲ್ಲ. ಅಡಿಕೆ ಸಸಿ ನೆಟ್ಟವನು ಫಸಲು ನೋಡಲು ಐದಾರು ವರ್ಷ ಕಾಯಬೇಕು. ನಿಮ್ಮ ಪರೀಕ್ಷೆಗಿಂತ ಅದೇನು ಕಡಿಮೆ ಕಾಯುವಿಕೆಯಲ್ಲ. ಅಷ್ಟು ವರ್ಷ ಅಪ್ಪ ಬರಿಗೈಲಿ ಕೂತಿರುತ್ತಾರಾ? ಹೋಗಿ ನೋಡಿ, ಸಸಿಗಳ ನಡುವೆ ಬಾಳೆ ಹಾಕಿರುತ್ತಾರೆ. ವರ್ಷದ ಹೊತ್ತಿಗೆ ಬಾಳೆ ಗೊನೆ ಬಿಡುತ್ತದೆ. ಮನೆಗೂ ಆಯಿತು, ಪೇಟೆಗೂ ಆಯಿತು. ಎಷ್ಟೋ ಜನ ಬಾಳೆಯ ಲಾಭ ಅಷ್ಟೇ ಎಂದುಕೊಂಡಿದ್ದಾರೆ. ಎಳೆಯ ಅಡಿಕೆಗೆ ಮಧ್ಯಾಹ್ನದ ಮೇಲಿನ ಬಿಸಿಲು ಆಗಿಬರುವುದಿಲ್ಲ. ನೈಋತ್ಯದ ಬಿಸಿಲು ಹೊಡೆದ ಕಡೆ ಕಾಂಡ ಸುಟ್ಟು ಸೀಳುತ್ತದೆ. ಅಂಥ ಮರ ಮುಂದೆ ಗಾಳಿಗೆ ಅಲ್ಲೇ ಮುರಿಯುತ್ತದೆ. ಅದನ್ನು ಕಾಯುವುದು ಬಾಳೆಯ ನೆರಳು. ಹಾಗಂತ ತೋಟದ ತುಂಬ ಬಾಳೆ ತುಂಬಿದರೆ ಗೊಬ್ಬರ, ನೀರು ಎಲ್ಲ ಅದೇ ಎಳೆದುಕೊಂಡು ಅಡಿಕೆ ಸೊರಗುತ್ತದೆ. ಎಷ್ಟು ಇಡಬೇಕು, ಯಾವಾಗ ಕಡಿಯಬೇಕು ಎನ್ನುವುದು ಅಪ್ಪನಿಗೆ ಗೊತ್ತಿರುತ್ತದೆ. ಅವರ ಜೊತೆ ತೋಟದಲ್ಲಿ ಒಂದು ಸಂಜೆ ಓಡಾಡಿ. ಕೇಳಿ ತಿಳಿದುಕೊಳ್ಳಿ. ನಿಮ್ಮ ನಾಲ್ಕು ವರ್ಷದಲ್ಲಿ ಒಂದು ಬಾಳೆಯೂ ಇಲ್ಲ ತಂಗೀ. ಬರೀ ಬಿಸಿಲು.

ಧಾರವಾಡಕ್ಕೆ ವಾಪಸ್ ಬಂದ ಮೇಲೆ ಎರಡು ಕೆಲಸ ಮಾಡಿ.

ಮೊದಲು ಆ 14 ಗಂಟೆಯನ್ನು ಒಂದು ವಾರ ಪರೀಕ್ಷಿಸಿ. ಎಷ್ಟು ಹೊತ್ತು ಕೂತೆ ಎಂದು ಬರೆಯಬೇಡಿ. ಏನು ಓದಿದೆ, ಪುಸ್ತಕ ಮುಚ್ಚಿದ ಮೇಲೆ ಎಷ್ಟು ಹೇಳಲು ಬಂತು ಎಂದು ಬರೆಯಿರಿ. ನಮ್ಮ ಕಚೇರಿಯಲ್ಲಿ ಕರಡು ತಿದ್ದುವವರಿಗೆ ಮೂರು-ನಾಲ್ಕು ಗಂಟೆ ಆದ ಮೇಲೆ ಎದ್ದು ಹೋಗಿ ಎನ್ನುತ್ತೇವೆ. ಆಮೇಲೆ ಕಣ್ಣು ಓಡುತ್ತದೆ, ಒತ್ತಕ್ಷರ ಬಿಟ್ಟುಹೋದದ್ದು ಕಾಣುವುದೇ ಇಲ್ಲ. ಓದೂ ಹಾಗೆಯೇ. ಎಂಟು ಗಂಟೆ ನಿಜವಾಗಿ ಓದಿದರೆ ಅದು ದೊಡ್ಡ ಓದು. ಓದಿದ್ದು ತಲೆಯಲ್ಲಿ ಕೂರುವುದಕ್ಕೆ ನಿದ್ದೆಯೂ ಬೇಕು. ಉಳಿದ ಹೊತ್ತಿಗೆ ಲೈಬ್ರರಿಯ ಕುರ್ಚಿ ಕಾಯುವ ಅಗತ್ಯವಿಲ್ಲ. ಸಂಜೆ ಸಾಧನಕೇರಿ ಕಡೆ ನಡೆದು ಬನ್ನಿ. ಖಾನಾವಳಿಯಲ್ಲಿ ಊಟಕ್ಕೆ ಕೂತಾಗ ಮೊಬೈಲು ಚೀಲದಲ್ಲಿರಲಿ. ಬಿಸಿ ಜೋಳದ ರೊಟ್ಟಿ ತಟ್ಟೆಗೆ ಬಿದ್ದಾಗ ಅದರ ಕಡೆ ನೋಡಿ ಉಣ್ಣಿ. ಹತ್ತು ನಿಮಿಷದ ವಿಷಯ. ರೊಟ್ಟಿ ಬಡಿಯುವ ಅಕ್ಕನ ಹೆಸರು ನಾಲ್ಕು ವರ್ಷದಲ್ಲಿ ಕೇಳಿದ್ದೀರಾ? ಜಿಲ್ಲಾಧಿಕಾರಿ ಆಗುವವರು ಕೇಳಬೇಕು.

ಎರಡನೆಯದು ಕಷ್ಟದ ಕೆಲಸ. ಇನ್ನು ಎಷ್ಟು ಸಲ ಬರೆಯುತ್ತೇನೆ ಎಂದು ಈಗಲೇ ನಿರ್ಧರಿಸಿ. ಸಾಮಾನ್ಯ ವರ್ಗಕ್ಕೆ ಕೇಂದ್ರ ಲೋಕಸೇವಾ ಆಯೋಗ 32 ವರ್ಷದವರೆಗೆ ಆರು ಅವಕಾಶ ಕೊಟ್ಟಿದೆ. ಕೊಟ್ಟಿದೆ ಎಂದು ಆರೂ ಸಲ ಬರೆಯಲೇಬೇಕೆಂದಿಲ್ಲ. ಒಂದೋ ಎರಡೋ, ನೀವೇ ಹೇಳಿ. ಹೇಳಿದ್ದನ್ನು ಡೈರಿಯಲ್ಲಿ ಬರೆದಿಡಿ, ಅಪ್ಪ-ಅಮ್ಮನಿಗೂ ತಿಳಿಸಿ. ಅದರ ಜೊತೆಗೇ ರಾಜ್ಯ ಸರ್ಕಾರದ ಕೆಎಎಸ್, ಪಿಡಿಒ ಹುದ್ದೆಗಳ ಪರೀಕ್ಷೆಗಳನ್ನೂ ಬರೆಯುತ್ತಿರಿ. ನೀವು ಓದಿದ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ ಅಲ್ಲಿಯೂ ಬೇಕು. ಕೊನೆಯ ದಿನ ಯಾವುದು ಎಂದು ಗೊತ್ತಿದ್ದರೆ ಅಲ್ಲಿಯವರೆಗೆ ಮನಸ್ಸಿಟ್ಟು ಓದಬಹುದು. ಗೊತ್ತಿಲ್ಲದಿದ್ದರೆ ಪ್ರತಿ ದಿನವೂ ಕೊನೆಯ ದಿನದ ಹಾಗೆ ಹೆದರಿಸುತ್ತದೆ. ಚೌತಿಯಲ್ಲಿ ಇಯರ್‌ಫೋನ್ ಹಾಕಿಸಿದ್ದೂ ಆ ಹೆದರಿಕೆಯೇ ಇರಬೇಕು.

ಗೆಳತಿಯರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವರಿಗೆ ನಿಮ್ಮ ಮೇಲೆ ಅಕ್ಕರೆ ಇದೆ, ಹೇಳಲು ಬೇರೆ ಮಾತು ಸಿಗಲಿಲ್ಲ.

ಚೌತಿಗೆ ಎರಡು ದಿನ ಮೊದಲೇ ಹೊರಡಿ, ಕಂಬಳ ತಪ್ಪಬಾರದು. ಹಿಟ್ಟು ಕಲಸುವಾಗಲೇ ಅಮ್ಮನ ಪಕ್ಕ ಕೂತುಕೊಳ್ಳಿ. ಎಷ್ಟು ಎಳ್ಳು, ಎಷ್ಟು ಬೆಣ್ಣೆ, ಹಿಟ್ಟು ಹದಕ್ಕೆ ಬಂದದ್ದು ಹೇಗೆ ಗೊತ್ತಾಗುತ್ತದೆ, ಎಲ್ಲ ಕೇಳಿ. ಅಮ್ಮನ ಬೆರಳು ಇನ್ನೂ ಗಟ್ಟಿಯಾಗಿರುವಾಗ ಅವರ ಕೈ ನೋಡಿಕೊಂಡು ಸುತ್ತಿ. ಮುಂದಿನ ಪ್ರಿಲಿಮ್ಸ್ ಆದ ಮೇಲೆ ಏನಾಯಿತು ಎಂದು ಖಂಡಿತ ಬರೆಯಿರಿ, ಕಾಯುತ್ತಿರುತ್ತೇನೆ. ಅದಕ್ಕೂ ಮೊದಲು, ಹಬ್ಬ ಮುಗಿದ ವಾರವೇ, ಒಂದು ಕಾರ್ಡು ಹಾಕಿ. ಎಷ್ಟು ಸುತ್ತು ಬಂತು ಎಂದು ತಿಳಿಸಿ.

ನಿಮ್ಮ
ಸಂಪಾದಕ